ಮೊದಲು ಕೈ, ಆಮೇಲೆ ನಾಲಿಗೆ

ಸಂಕ್ರಾಂತಿಗೆ ಇನ್ನೊಂದು ವಾರವಿತ್ತು. ಹಿಂದಿನ ರಾತ್ರಿ ನೆನೆಹಾಕಿದ್ದ ಅವರೆಕಾಳಿನ ಪಾತ್ರೆಯನ್ನು ನಡುಮನೆಗೆ ತಂದು, ಹಳೇ ಪೇಪರು ಹಾಸಿಕೊಂಡು ಹಿತುಕಲು ಕೂತಿದ್ದೆ. ಮೊಮ್ಮಗಳು ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ಆಗ ಅವಳಿಗೆ ನಾಲ್ಕು ತುಂಬಿ ಎರಡು ತಿಂಗಳು.

“ಅಜ್ಜಿ, ನಂಗೂ ಕೊಡು.”

ಮೊದಲ ಕಾಳನ್ನು ಮುಷ್ಟಿಯಲ್ಲಿಟ್ಟು ಅಮುಕಿದಳು. ಏನೂ ಆಗಲಿಲ್ಲ. ಎರಡನೆಯದನ್ನು ಎರಡೂ ಹೆಬ್ಬೆರಳುಗಳ ನಡುವೆ ಒತ್ತಿದಳು. ಸಿಪ್ಪೆ, ಬೇಳೆ ಎಲ್ಲ ಸೇರಿ ಜಜ್ಜಿಹೋಯಿತು. ಮೂರನೆಯದು ಬೆರಳ ಸಂದಿಯಿಂದ ಚಿಮ್ಮಿ ಫ್ರಿಜ್ಜಿನ ಬಾಗಿಲಿಗೆ ಟಪ್ಪೆಂದು ಬಡಿಯಿತು. ಅವಳು ನಕ್ಕ ಸದ್ದಿಗೆ ಒಲೆಯ ಮುಂದಿದ್ದ ಅವರಮ್ಮ ಇಣುಕಿ ನೋಡಿದಳು. ‘ಹೀಗಲ್ಲ, ಹೀಗೆ’ ಎಂದು ಹೇಳಿಕೊಡಲು ಬಾಯಿ ತೆರೆದಿದ್ದೆ, ಸುಮ್ಮನಾದೆ. ಹದಿನೈದೋ ಇಪ್ಪತ್ತೋ ಕಾಳು ಹಾಳಾದ ಮೇಲೆ ಗುಟ್ಟು ತಾನಾಗಿಯೇ ಅವಳ ಬೆರಳಿಗೆ ಸಿಕ್ಕಿತು. ಕಾಳಿನ ಒಂದು ಕೊನೆಯನ್ನು ಹಿಡಿದು ಮೆಲ್ಲಗೆ ಒತ್ತಬೇಕು. ಆಗ ಇನ್ನೊಂದು ಕೊನೆಯಲ್ಲಿ ಸಿಪ್ಪೆ ಬಿರಿದು, ಒಳಗಿನ ಬೇಳೆ ನುಣ್ಣಗೆ ಜಾರಿ ಬರುತ್ತದೆ. ಆ ಮೊದಲ ಇಡೀ ಬೇಳೆಯನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ನೋಡಿದಳು.

ಹಿತುಕಿದ ಬೇಳೆ ಹಳೇ ಮೈಸೂರಿನ ಕಡೆಯವರಿಗೆ ಚಳಿಗಾಲದ ಹಬ್ಬವಿದ್ದಂತೆ. ಸೊಗಡಿನ ಅವರೆ ಸಿಗುವ ಆ ಎರಡು ತಿಂಗಳಲ್ಲಿ ಮನೆಮಂದಿಯೆಲ್ಲ ಸುತ್ತ ಕೂತು ಹಿತುಕುತ್ತಿದ್ದ ಕಾಲವೊಂದಿತ್ತು. ಈಗ ಹಿತುಕಿದ್ದೇ ಕವರಿನಲ್ಲಿ ಸಿಗುತ್ತದೆ. ಕೊಂಡು ತರುವವರನ್ನು ನಾನು ದೂರುವುದಿಲ್ಲ. ಆದರೆ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ವರ್ಷಕ್ಕೆ ಒಂದು ಸಲವಾದರೂ ಕಾಳು ತಂದು ನೆನೆಹಾಕಿ ಎಂದು ಕೈ ಮುಗಿದು ಕೇಳುತ್ತೇನೆ. ಅದಕ್ಕೆ ಕಾರಣವಿದೆ.

ಕಾಳಿನ ಸಿಪ್ಪೆ ಒಳಗಿನ ಬೇಳೆಗೆ ಬೆಸೆದುಕೊಂಡಿರುವುದಿಲ್ಲ, ಸುತ್ತಿಕೊಂಡಿರುತ್ತದೆ ಅಷ್ಟೇ. ರಾತ್ರಿಯಿಡೀ ನೀರು ಕುಡಿದ ಸಿಪ್ಪೆ ಹಿಗ್ಗಿ ಸಡಿಲವಾಗುತ್ತದೆ. ನಡುವೆ ಸೇರಿದ ತೆಳ್ಳನೆಯ ನೀರು ಎಣ್ಣೆ ಸವರಿದಂತೆ ಬೇಳೆಯನ್ನು ಜಾರಿಸುತ್ತದೆ. ಹೀಗಾಗಿ ಬೇಕಾಗುವ ಬಲ ತೀರ ಕಡಿಮೆ. ಆದರೆ ಎಷ್ಟು ಕಡಿಮೆ ಎಂಬುದನ್ನು ಬಾಯಲ್ಲಿ ಹೇಳಿಕೊಡಲು ಆಗುವುದಿಲ್ಲ. ಬೆರಳ ತುದಿಯ ಚರ್ಮದಲ್ಲಿ ಒತ್ತಡವನ್ನೂ ಜಾರುವಿಕೆಯನ್ನೂ ಗುರುತಿಸುವ ನರತುದಿಗಳು ಒತ್ತೊತ್ತಾಗಿವೆ. ಹಿಡಿದ ವಸ್ತು ಕೂದಲೆಳೆಯಷ್ಟು ಜಾರಿದರೂ ಅವು ಸುದ್ದಿ ಮುಟ್ಟಿಸುತ್ತವೆ, ಹಿಡಿತ ಬಿಗಿಯಾಗುತ್ತದೆ. ದೊಡ್ಡವರಾದ ನಾವು ಮೊಟ್ಟೆ ಎತ್ತುವಾಗ, ತುಂಬಿದ ಚೊಂಬು ಎತ್ತುವಾಗ, ಎಷ್ಟು ಬಲ ಬೇಕೆಂಬ ಅಂದಾಜನ್ನು ಕೈ ಮುಟ್ಟುವ ಮುಂಚೆಯೇ ಹಾಕಿಕೊಂಡಿರುತ್ತೇವೆ. ಮಗುವಿನ ಬಳಿ ಈ ಅಂದಾಜು ಇರುವುದಿಲ್ಲ. ಹೆಬ್ಬೆರಳು, ತೋರುಬೆರಳು ಸೇರಿಸಿ ಪುಟ್ಟ ವಸ್ತು ಎತ್ತುವುದನ್ನು ಅದು ಒಂಬತ್ತು ಹತ್ತು ತಿಂಗಳಿಗೇ ಕಲಿಯುತ್ತದೆ, ನಿಜ. ಬಲವನ್ನು ಮೊದಲೇ ಅಳೆದು ಹಿಡಿಯುವ ಚಾತುರ್ಯ ಹದಕ್ಕೆ ಬರಲು ಆರೆಂಟು ವರ್ಷ ಹಿಡಿಯುತ್ತದೆ. ಹಾಳಾದ ಒಂದೊಂದು ಕಾಳೂ ಆ ಲೆಕ್ಕಕ್ಕೆ ಜಮೆಯಾಗುತ್ತದೆ.

ಇಂಥ ಕೆಲಸಕ್ಕೆ ಮಕ್ಕಳನ್ನು ಕರೆಯಬೇಕಾಗಿಯೇ ಇಲ್ಲ, ಅವೇ ಬರುತ್ತವೆ. ಅಮೆರಿಕದ ಮನೋವಿಜ್ಞಾನಿ ಹ್ಯಾರಿಯೆಟ್ ರೈನ್‌ಗೋಲ್ಡ್ 1982ರಲ್ಲಿ ಪ್ರಕಟಿಸಿದ ಅಧ್ಯಯನವೊಂದನ್ನು ನಾನು ಆಗಾಗ ನೆನೆಯುತ್ತೇನೆ. ಪ್ರಯೋಗಶಾಲೆಯ ಕೋಣೆಯನ್ನೇ ಮನೆಯಂತೆ ಸಜ್ಜು ಮಾಡಿ, ಬಟ್ಟೆ ಮಡಿಸುವುದು, ಕಸ ಗುಡಿಸುವುದು, ಮೇಜು ಸಿದ್ಧಮಾಡುವುದು ಮುಂತಾದ ಕೆಲಸಗಳನ್ನು ದೊಡ್ಡವರಿಗೆ ಕೊಟ್ಟು, ‘ಮಗುವಿಗೆ ಮಾಡು ಎನ್ನಬೇಡಿ, ನಿಧಾನವಾಗಿ ನಿಮ್ಮ ಪಾಡಿಗೆ ಮಾಡಿಕೊಂಡು ಹೋಗಿ’ ಎಂದು ತಿಳಿಸಲಾಗಿತ್ತು. ಒಂದೂವರೆ ವರ್ಷದಿಂದ ಎರಡೂವರೆ ವರ್ಷದವರೆಗಿನ ಕೂಸುಗಳು ತಾವಾಗಿಯೇ ಬಂದು ಕೈ ಹಾಕಿದವು. 2006ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಇನ್ನೂ ಸರಳವಾದುದನ್ನು ಮಾಡಿ ನೋಡಿದರು. ಬಟ್ಟೆ ಒಣಹಾಕುತ್ತಿರುವವರ ಕೈಯಿಂದ ಕ್ಲಿಪ್ಪು ಬೀಳುತ್ತದೆ, ಅವರು ಕೈ ಚಾಚಿದರೂ ಎಟಕುವುದಿಲ್ಲ. ಇಂಥ ಹತ್ತು ಸಂದರ್ಭಗಳಲ್ಲಿ ಒಂದರಲ್ಲಾದರೂ, ಹದಿನೆಂಟು ತಿಂಗಳ 24 ಕೂಸುಗಳ ಪೈಕಿ 22 ಕೂಸುಗಳು ನೆರವಿಗೆ ಬಂದವು. ಯಾರೂ ಕರೆದಿರಲಿಲ್ಲ, ಏನನ್ನೂ ಕೊಡುತ್ತೇವೆಂದಿರಲಿಲ್ಲ.

ಕೊಟ್ಟರೆ ಏನಾಗುತ್ತದೆ ಎಂದು ಇದೇ ಜೋಡಿ 2008ರಲ್ಲಿ ನೋಡಿತು. ನೆರವಾದಾಗಲೆಲ್ಲ ಆಟದ ಸಾಮಾನಿನ ಉಡುಗೊರೆ ಪಡೆದ ಇಪ್ಪತ್ತು ತಿಂಗಳ ಮಕ್ಕಳು, ಉಡುಗೊರೆ ನಿಂತ ಮೇಲೆ ಉಳಿದವರಿಗಿಂತ ಕಡಿಮೆ ನೆರವಾದರು. ಏನನ್ನೂ ಪಡೆಯದವರು ಮೊದಲಿನಂತೆಯೇ ನೆರವಾಗುತ್ತಿದ್ದರು. ‘ಬಟಾಣಿ ಬಿಡಿಸಿಕೊಟ್ಟರೆ ಚಾಕೊಲೇಟು ಕೊಡ್ತೀನಿ’ ಎಂದು ಆಸೆ ತೋರಿಸುವವರು ಇದನ್ನು ಒಂದು ಕ್ಷಣ ಯೋಚಿಸಬೇಕು. ಬಟಾಣಿ ಬಿಡಿಸುವುದೇ ಮಗುವಿಗೆ ಸಿಕ್ಕ ಬಹುಮಾನವಾಗಿತ್ತು. ಅದನ್ನು ನಾವು ಕೂಲಿಗೆ ಇಳಿಸುತ್ತೇವೆ.

ನನಗೆ ನೋವಾಗುವುದು ಇಲ್ಲಿ. ಮಗು ತಾನಾಗಿ ಬರುವ ಎರಡು ಮೂರು ವರ್ಷದಲ್ಲಿ ‘ಹೋಗು, ಆಟ ಆಡ್ಕೋ ಹೋಗು, ಚೆಲ್ತೀಯ’ ಎನ್ನುತ್ತೇವೆ. ಹತ್ತು ವರ್ಷವಾದಾಗ ‘ಒಂದು ಲೋಟ ಎತ್ತಿಡಲ್ಲ’ ಎಂದು ಬೈಯುತ್ತೇವೆ. ನಾನೂ ನನ್ನ ಮಕ್ಕಳಿಗೆ ಹಾಗೆಯೇ ಮಾಡಿದವಳು. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವ ಅವಸರದಲ್ಲಿ ಮಗುವಿನ ನಿಧಾನಕ್ಕೆ ಜಾಗವಿರಲಿಲ್ಲ. ಹಾಗಾಗಿ ದಿನವೂ ಮಾಡಿ ಎಂದು ಯಾರಿಗೂ ಹೇಳುವುದಿಲ್ಲ. ಭಾನುವಾರದ ಚಪಾತಿ ಸಾಕು.

ಚಪಾತಿ ಹಿಟ್ಟು ಅಡುಗೆಮನೆಯ ಅತಿ ದೊಡ್ಡ ಪಾಠಶಾಲೆ ಎಂದು ನನ್ನ ನಂಬಿಕೆ. ಒಂದು ಬೋಗುಣಿಯಲ್ಲಿ ಗೋಧಿಹಿಟ್ಟು, ಇನ್ನೊಂದರಲ್ಲಿ ರಾಗಿಹಿಟ್ಟು ಇಟ್ಟು ಎರಡಕ್ಕೂ ತಣ್ಣೀರು ಹಾಕಿ ಕಲಸಲು ಬಿಡಿ. ಗೋಧಿಹಿಟ್ಟು ಮೊದಲು ಬೆರಳಿಗೆ ಅಂಟುತ್ತದೆ, ನಾದುತ್ತ ಹೋದಂತೆ ಬೆರಳು ಬಿಟ್ಟು ತನಗೆ ತಾನೇ ಅಂಟಿಕೊಳ್ಳುತ್ತದೆ, ಎಳೆದರೆ ರಬ್ಬರಿನಂತೆ ಹಿಂದಕ್ಕೆ ಹೋಗುತ್ತದೆ. ರಾಗಿ ಎಷ್ಟು ನಾದಿದರೂ ಎಳೆದಲ್ಲಿ ತುಂಡಾಗುತ್ತದೆ. ಗೋಧಿಯಲ್ಲಿರುವ ಗ್ಲುಟೆನಿನ್, ಗ್ಲಯಾಡಿನ್ ಎಂಬ ಎರಡು ಬಗೆಯ ಪ್ರೋಟೀನುಗಳು ನೀರು ಬಿದ್ದೊಡನೆ ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುತ್ತವೆ. ರಾಗಿಯಲ್ಲಿ ಆ ಬಲೆ ಇಲ್ಲ. ಅದಕ್ಕೇ ಮುದ್ದೆಗೆ ಕುದಿಯುವ ನೀರು ಬೇಕು. ಬಿಸಿಗೆ ರಾಗಿಯ ಪಿಷ್ಟ ನೀರು ಹೀರಿ ಉಬ್ಬಿ ಅಂಟಾಗಿ, ಹಿಟ್ಟನ್ನು ಹಿಡಿದಿಡುತ್ತದೆ.

ಆ ಬಲೆಯನ್ನು ಕಣ್ಣಿಗೆ ತೋರಿಸಬಹುದು. ನಿಂಬೆಗಾತ್ರದ ಗೋಧಿಹಿಟ್ಟಿನ ಉಂಡೆಯನ್ನು ಚೆನ್ನಾಗಿ ನಾದಿ ಅರ್ಧ ಗಂಟೆ ಬಿಟ್ಟು, ಬೋಗುಣಿಯ ನೀರಿನಲ್ಲಿ ಮಗುವೇ ಮೆಲ್ಲಗೆ ಹಿಸುಕುತ್ತ ತೊಳೆಯಲಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಅದು ಪಿಷ್ಟ. ಎರಡು ಮೂರು ಸಲ ನೀರು ಬದಲಿಸಿದರೆ ಕೊನೆಗೆ ಕೈಯಲ್ಲಿ ಉಳಿಯುವುದು ಅಗಿದ ಚೂಯಿಂಗ್ ಗಮ್ಮಿನಂಥ ಕಂದು ಮುದ್ದೆ. ಇಟಲಿಯ ಬೊಲೋನ್ಯಾದ ಯಾಕೊಪೊ ಬೆಕ್ಕಾರಿ ಎಂಬ ವೈದ್ಯ ಹೀಗೆಯೇ ಹಿಟ್ಟನ್ನು ತೊಳೆದು ಗ್ಲುಟೆನ್ನನ್ನು ಬೇರ್ಪಡಿಸಿದ. 1745ರಲ್ಲಿ ಅವನ ಬರಹ ಪ್ರಕಟವಾಯಿತು. ಪ್ರೋಟೀನ್ ಎಂಬ ಹೆಸರೇ ಇನ್ನೂ ಹುಟ್ಟಿರದ ಕಾಲವದು. ಅವನಿಗೆ ಬೇಕಾಗಿದ್ದುದು ನೀರು, ಹಿಟ್ಟು ಮತ್ತು ಎರಡು ಕೈ. ಮೊಮ್ಮಗಳು ಆ ಮುದ್ದೆಗೆ ‘ಚಪಾತಿಯ ಮೂಳೆ’ ಎಂದು ಹೆಸರಿಟ್ಟಿದ್ದಾಳೆ. ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆದಿಲ್ಲ.

ಇದೇ ಹಿಟ್ಟಿನಿಂದ ನಡೆಸಬಹುದಾದ ಇನ್ನೊಂದು ಪರೀಕ್ಷೆಯನ್ನು ಸ್ವಿಟ್ಜರ್ಲೆಂಡಿನ ಝಾನ್ ಪಿಯಾಜೆ ಮತ್ತು ಬಾರ್ಬೆಲ್ ಇನ್‌ಹೆಲ್ಡರ್ ಜೇಡಿಮಣ್ಣಿನಲ್ಲಿ ಮಾಡಿ 1941ರಲ್ಲಿ ಪುಸ್ತಕವಾಗಿಸಿದರು. ನಾನು ಚಪಾತಿ ಹಿಟ್ಟಿನಲ್ಲಿ ಮಾಡಿದೆ. ಒಂದೇ ಸಮನಾದ ಎರಡು ಉಂಡೆ. “ಎರಡೂ ಒಂದೇನಾ?” “ಹೂಂ, ಒಂದೇ.” ಅವಳ ಕಣ್ಣೆದುರೇ ಒಂದನ್ನು ಲಟ್ಟಿಸಿದೆ. “ಈಗ?” ಅವಳು ಯೋಚಿಸಲೂ ಇಲ್ಲ. ಲಟ್ಟಿಸಿದ್ದರ ಮೇಲೆ ಅಂಗೈ ಅಗಲಿಸಿ, “ಇದ್ರಲ್ಲಿ ಜಾಸ್ತಿ ಹಿಟ್ಟಿದೆ, ನೋಡು ಎಷ್ಟು ದೊಡ್ಡದು” ಎಂದಳು. ಆರೇಳು ವರ್ಷದ ಕೆಳಗಿನ ಹೆಚ್ಚಿನ ಮಕ್ಕಳು ಹೀಗೆಯೇ ಹೇಳುತ್ತಾರೆ. ಅಗಲ ಒಂದೇ ಅವರ ಕಣ್ಣನ್ನು ತುಂಬಿಬಿಡುತ್ತದೆ. ಅಗಲ ಹೆಚ್ಚಿದಷ್ಟು ದಪ್ಪ ಕಡಿಮೆಯಾಗಿದೆ ಎಂಬುದನ್ನು ಒಟ್ಟಿಗೆ ಹಿಡಿದು ನೋಡಲು, ಲಟ್ಟಿಸಿದ್ದನ್ನು ಮನಸ್ಸಿನಲ್ಲೇ ಮತ್ತೆ ಉಂಡೆ ಮಾಡಲು ಅವರಿಗೆ ಆಗುವುದಿಲ್ಲ.

ಆಕಾರ ಬದಲಾದರೂ ಹಿಟ್ಟು ಅಷ್ಟೇ ಎಂಬುದು ವಯಸ್ಸಿನ ಜೊತೆ ತಾನಾಗಿ ಬರುವ ತಿಳಿವೋ, ಕೈಗೆ ಕೆಲಸ ಬಿದ್ದಷ್ಟೂ ಬೇಗ ಬರುವುದೋ? 1969ರಲ್ಲಿ ಪ್ರಕಟವಾದ ಮೆಕ್ಸಿಕೋದ ಅಧ್ಯಯನವೊಂದು ಈ ಪ್ರಶ್ನೆಯನ್ನು ಕುಂಬಾರರ ಮನೆಗೆ ಒಯ್ದಿತು. ಪ್ರೈಸ್-ವಿಲಿಯಮ್ಸ್ ಮತ್ತು ಸಂಗಡಿಗರು ಕುಂಬಾರರ ಮಕ್ಕಳನ್ನೂ ಅದೇ ವಯಸ್ಸಿನ ಬೇರೆ ಮನೆಗಳ ಮಕ್ಕಳನ್ನೂ ಜೇಡಿಮಣ್ಣಿನ ಉಂಡೆ ಇಟ್ಟು ಕೇಳಿದರು. ಆಕಾರ ಬದಲಾದರೂ ಮಣ್ಣು ಅಷ್ಟೇ ಇದೆ ಎಂದು ಹೇಳುವುದರಲ್ಲಿ ಕುಂಬಾರರ ಮಕ್ಕಳು ಮುಂದಿದ್ದರು. ದಿನವೂ ಮಣ್ಣು ಕಲಸುವ ಮನೆಯ ಮಗುವಿಗೆ ಗೊತ್ತಾಗಿದ್ದು ದಿನವೂ ಹಿಟ್ಟು ನಾದುವ ಮನೆಯ ಮಗುವಿಗೂ ಬೇಗ ಗೊತ್ತಾದೀತು ಎಂಬುದು ನನ್ನ ಊಹೆ. ಊಹೆ ಎಂದೇ ಓದಿಕೊಳ್ಳಿ.

ಇನ್ನು ನಾಲಿಗೆಯ ವಿಷಯ. ಎರಡು ವರ್ಷಕ್ಕೆ ಕೊಟ್ಟದ್ದೆಲ್ಲ ತಿನ್ನುತ್ತಿದ್ದ ಮಗು ಮೂರಕ್ಕೆ ಹಸಿರು ಕಂಡರೆ ಬಾಯಿ ಬಿಗಿಹಿಡಿಯುತ್ತದೆ. ತಾಯಂದಿರು ಇದನ್ನು ಹಟ ಎನ್ನುತ್ತಾರೆ, ತಮ್ಮ ಅಡುಗೆಯ ತಪ್ಪು ಎಂದು ಕೊರಗುವವರೂ ಇದ್ದಾರೆ. ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರದ ಬಗ್ಗೆ ಅಂಜಿಕೆ ಹೆಚ್ಚಾಗುವುದು ಹಲವು ದೇಶಗಳ ಮಕ್ಕಳಲ್ಲಿ ಕಾಣುತ್ತದೆ. ನಡೆಯಲು ಕಲಿತು, ಅಮ್ಮನ ಕಣ್ಣು ತಪ್ಪಿಸಿ ಪೊದೆಯ ಬಳಿ ಹೋಗಬಲ್ಲ ವಯಸ್ಸಿದು. ಸಿಕ್ಕಿದ ಎಲೆಯನ್ನೆಲ್ಲ ಬಾಯಿಗೆ ಹಾಕದ ಮಗು ಬದುಕಿ ಉಳಿಯುವ ಸಾಧ್ಯತೆ ಹೆಚ್ಚಿತ್ತು ಎಂದು ವಿಜ್ಞಾನಿಗಳು ವಿವರಿಸುತ್ತಾರೆ. ಕಹಿಯ ಕತೆಯೂ ಹಾಗೆಯೇ. ಗಿಡಗಳ ಬಹುಪಾಲು ವಿಷಗಳು ಕಹಿ. ಅವನ್ನು ಪತ್ತೆಹಚ್ಚಲು ನಮ್ಮಲ್ಲಿ ಸುಮಾರು 25 ಬಗೆಯ ಕಹಿಗ್ರಾಹಿಗಳಿವೆ. ಹಾಗಲಕಾಯಿ ಕಂಡು ಮುಖ ಸಿಂಡರಿಸುವ ಮಗು ತುಂಬ ಹಳೆಯ ಕಾವಲುಗಾರನ ಮಾತು ಕೇಳುತ್ತಿರುತ್ತದೆ.

ಆ ಕಾವಲುಗಾರನಿಗೆ ಪರಿಚಯ ಮಾಡಿಕೊಡಬೇಕು, ಗದರಿಸಿದರೆ ಬಾಗಿಲು ತೆಗೆಯುವುದಿಲ್ಲ. ಅಮೆರಿಕದ ಲಿಯಾನ್ ಬರ್ಚ್ 1982ರಲ್ಲಿ ಎರಡು ವರ್ಷದ ಮಕ್ಕಳಿಗೆ ಹೊಸ ತಿನಿಸುಗಳ ರುಚಿಯನ್ನು ಕೆಲವಕ್ಕೆ ಎರಡು ಸಲ, ಕೆಲವಕ್ಕೆ ಇಪ್ಪತ್ತು ಸಲದವರೆಗೂ ತೋರಿಸಿದರು. ಹೆಚ್ಚು ಸಲ ರುಚಿ ನೋಡಿದ್ದೇ ಹೆಚ್ಚು ಇಷ್ಟವಾಯಿತು. ನಾವು ಎರಡು ಮೂರು ಸಲ ಬಡಿಸಿ ‘ಇವಳಿಗೆ ಸೇರಲ್ಲ’ ಎಂದು ಕೈಬಿಡುತ್ತೇವೆ. 1987ರ ಇನ್ನೊಂದು ಅಧ್ಯಯನದಲ್ಲಿ ಬರ್ಚ್ ತಂಡ ಮತ್ತೊಂದು ಅಂಶವನ್ನೂ ಕಂಡಿತು: ಬರೀ ನೋಡಿದರೆ ಕಣ್ಣಿಗಷ್ಟೇ ಒಪ್ಪಿಗೆಯಾಗುತ್ತದೆ, ನಾಲಿಗೆ ಒಪ್ಪಲು ನಾಲಿಗೆಗೇ ಮುಟ್ಟಬೇಕು. ಅಲ್ಲಿಯವರೆಗೆ ಮಗುವನ್ನು ತಳ್ಳದೆ ಕರೆದೊಯ್ಯುವ ದಾರಿ ಕೈಯದು. ಮೆಂತ್ಯ ಸೊಪ್ಪು ಬಿಡಿಸಲು ಕೂರಿಸಿದ ಮಗು ಅರ್ಧ ಗಂಟೆಯಲ್ಲಿ ಇನ್ನೂರು ಎಲೆಯನ್ನಾದರೂ ಮುಟ್ಟುತ್ತದೆ. ಬೆರಳು ಹಸಿರಾಗುತ್ತದೆ, ಮೂಗು ಒರೆಸಿಕೊಂಡಾಗ ವಾಸನೆ ಬರುತ್ತದೆ, ಬೆರಳು ಬಾಯಿಗೂ ಹೋಗುತ್ತದೆ. ‘ತಿನ್ನು’ ಎಂದು ಯಾರೂ ಹೇಳಿರುವುದಿಲ್ಲ.

ಅಡುಗೆಗೆ ಕೈ ಹಾಕಿದ ಮಕ್ಕಳು ಹೆಚ್ಚು ತರಕಾರಿ ತಿನ್ನುತ್ತಾರೆಯೇ ಎಂದು ನೇರವಾಗಿ ಅಳೆದವರೂ ಇದ್ದಾರೆ. 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆರರಿಂದ ಹತ್ತು ವರ್ಷದ 47 ಮಕ್ಕಳನ್ನು ಎರಡು ಗುಂಪು ಮಾಡಲಾಗಿತ್ತು. ತಂದೆಯ ಅಥವಾ ತಾಯಿಯ ಜೊತೆ ತಾವೇ ಅಡುಗೆ ಮಾಡಿದ ಮಕ್ಕಳು, ಅಡುಗೆಗೆ ಕೈ ಹಾಕದ ಮತ್ತೊಂದು ಗುಂಪಿನವರಿಗಿಂತ ಶೇಕಡಾ 76 ಹೆಚ್ಚು ಸಲಾಡ್ ತಿಂದರು. ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಆದರೆ ಮಕ್ಕಳು 47 ಮಾತ್ರ, ಊಟ ಒಂದೇ ಹೊತ್ತಿನದು, ಅಧ್ಯಯನ ಮಾಡಿದವರು ನೆಸ್ಲೆ ಕಂಪನಿಯ ಸಂಶೋಧನಾ ಕೇಂದ್ರದವರು. ಅಲ್ಲದೆ ಆ ಮಕ್ಕಳು ಕೋಳಿಯನ್ನೂ ಹೆಚ್ಚು ತಿಂದರು, ಒಟ್ಟು ಕ್ಯಾಲೊರಿಯೂ ಸುಮಾರು ಕಾಲುಭಾಗ ಹೆಚ್ಚಾಗಿತ್ತು. ತಾನು ಮಾಡಿದ್ದು ಯಾವುದೇ ಆಗಲಿ, ಅದು ಹೆಚ್ಚು ರುಚಿಸುತ್ತದೆ. ಹಾಗಾಗಿ ಮಗುವಿನ ಕೈಗೆ ಯಾವ ಅಡುಗೆ ಕೊಡುತ್ತೇವೆ ಎಂಬುದು ಮುಖ್ಯ. ರಜೆಯಲ್ಲಿ ಬರೀ ಕೇಕು, ಬಿಸ್ಕತ್ತು ಮಾಡಿಸುವ ಬದಲು ಕೋಸಂಬರಿ ಮಾಡಿಸಿ. ಹೆಸರುಬೇಳೆ ನೆನೆಸುವುದು, ಸೌತೆಕಾಯಿ ಹೋಳು ಬೆರೆಸುವುದು, ನಿಂಬೆ ಹಿಂಡುವುದು ಎಲ್ಲವೂ ನಾಲ್ಕು ವರ್ಷದ ಕೈಗೆ ಎಟಕುತ್ತವೆ.

ದೋಸೆಹಿಟ್ಟಿನಲ್ಲಿ ಕೈಗೆ ಕೆಲಸ ಕಡಿಮೆ, ಕಾಯುವುದೇ ಹೆಚ್ಚು. ರುಬ್ಬಿದ ಹಿಟ್ಟನ್ನು ಗಾಜಿನ ಭರಣಿಗೆ ಅರ್ಧದವರೆಗೆ ಹಾಕಿ, ಹಿಟ್ಟಿನ ಮಟ್ಟಕ್ಕೆ ಒಂದು ರಬ್ಬರ್ ಬ್ಯಾಂಡು ಹಾಕಿಸಿ ಮಲಗಿಸಿದರೆ, ಮಗು ಬೆಳಿಗ್ಗೆ ಹಲ್ಲುಜ್ಜುವ ಮುಂಚೆ ಅಡುಗೆಮನೆಗೆ ಓಡುತ್ತದೆ. ಬೇಳೆ, ಅಕ್ಕಿಯ ಮೇಲೆ ಮೊದಲೇ ಇದ್ದ ಬ್ಯಾಕ್ಟೀರಿಯಾಗಳು, ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಮೆಸೆಂಟಿರಾಯ್ಡಿಸ್, ರಾತ್ರಿಯಿಡೀ ಸಕ್ಕರೆಯನ್ನು ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಟ್ಟಿರುತ್ತವೆ. ಇಡ್ಲಿ ಹಿಟ್ಟನ್ನು ಉಬ್ಬಿಸುವುದರಲ್ಲಿ ಈ ಬ್ಯಾಕ್ಟೀರಿಯಾದ ಪಾತ್ರವನ್ನು 1965ರ ಸಂಶೋಧನಾ ಲೇಖನವೊಂದು ತೋರಿಸಿಕೊಟ್ಟಿತು. ಆ ಅನಿಲ ಹಾರಿಹೋಗದಂತೆ ಹಿಡಿದಿಡುವುದು ಉದ್ದಿನ ಲೋಳೆ. ಡಿಸೆಂಬರಿನಲ್ಲಿ ಹಿಟ್ಟು ಉಬ್ಬದ ದಿನವೇ ಪಾಠ ಇನ್ನೂ ಚೆನ್ನಾಗಿ ನಡೆಯುತ್ತದೆ. “ಅದಕ್ಕೂ ಚಳಿ ಆಯ್ತಾ?” ಎಂದು ಮೊಮ್ಮಗಳು ಕೇಳಿದ್ದಳು. ಹೌದು, ಅಷ್ಟೇ ಉತ್ತರ.

ಬೆಂಕಿಯ ಮಾತು ಬಾರದೆ ಈ ಬರಹ ಮುಗಿಯದು. ನನ್ನ ಎಡಗೈ ಮೇಲೆ ಐದು ವರ್ಷದವಳಿದ್ದಾಗ ಎಳೆದುಕೊಂಡ ಬಿಸಿ ಸಾರಿನ ಕಲೆ ಇವತ್ತಿಗೂ ಇದೆ. ಆಗ ಅದರ ಮೇಲೆ ಶಾಯಿ ಸುರಿದಿದ್ದರು, ಆ ಕಾಲದಲ್ಲಿ ಗೊತ್ತಿದ್ದುದು ಅದೇ. ಮಕ್ಕಳ ಚರ್ಮ ತೆಳು, ಅದೇ ಬಿಸಿ ನಮಗಿಂತ ಬೇಗ ಮತ್ತು ಆಳವಾಗಿ ಸುಡುತ್ತದೆ. ಸುಟ್ಟರೆ ಮಾಡಬೇಕಾದ್ದು ಒಂದೇ: ಇಪ್ಪತ್ತು ನಿಮಿಷ ನಲ್ಲಿಯ ಹರಿಯುವ ತಣ್ಣೀರಿಗೆ ಹಿಡಿದು, ಆಮೇಲೆ ವೈದ್ಯರಲ್ಲಿಗೆ ಓಡುವುದು. ಶಾಯಿ, ಟೂತ್‌ಪೇಸ್ಟು, ಬೆಣ್ಣೆ, ಐಸು ಯಾವುದೂ ಬೇಡ.

ಒಲೆಯ ಮೇಲಿನ ಬಿಸಿ ಎಷ್ಟೆಂದು ನೋಡಿ. ನಮ್ಮ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಒತ್ತಡ ಹೆಚ್ಚಿ ಕುದಿಯುವ ಬಿಸಿ 120ರ ಹತ್ತಿರ ಹೋಗುತ್ತದೆ. ವಿಷಲ್ಲಿನಿಂದ ನುಗ್ಗುವ ಹಬೆ, ಸಿಡಿಯುವ ಒಗ್ಗರಣೆ, ಬಾಣಲೆಯ ಎಣ್ಣೆ ಇವು ಮಗುವಿನ ಕೆಲಸವಲ್ಲ. ಸಾಸಿವೆ ಯಾಕೆ ಸಿಡಿಯುತ್ತದೆ ಎಂದು ಮೂರು ಹೆಜ್ಜೆ ದೂರದಿಂದ ತೋರಿಸಿ. ಕಾಳಿನೊಳಗಿನ ತೇವ ಹಬೆಯಾಗಿ, ಹೋಗಲು ದಾರಿಯಿಲ್ಲದೆ ಸಿಪ್ಪೆ ಒಡೆಯುತ್ತದೆ. ನೀರು ಹಬೆಯಾದಾಗ ಸುಮಾರು 1600 ಪಟ್ಟು ಜಾಗ ಕೇಳುತ್ತದೆ. ಫುಲ್ಕ ಉಬ್ಬುವುದೂ ಅದರಿಂದಲೇ, ಪಂಚಮಿಯ ಜೋಳ ಅರಳಾಗುವುದೂ ಅದರಿಂದಲೇ. ಬೆಂಕಿಯಾಚೆಗೂ ಎಚ್ಚರ ಬೇಕು: ಹಸಿ ಹಿಟ್ಟು, ಬೇಯದ ಅವರೆ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ನಾಲ್ಕೈದು ವರ್ಷದೊಳಗಿನವರಿಗೆ ಇಡೀ ಕಡಲೆಕಾಯಿ ಬೀಜ ಕೊಡಬೇಡಿ, ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಂಚಿನ ಕೆಲಸ ನಮ್ಮದು, ಮಣೆಯ ಕೆಲಸ ಅವರದು. ನಮ್ಮ ಮನೆಯಲ್ಲಿ ಗೆರೆ ಎಳೆದದ್ದು ಹೀಗೆ.

ಈ ಸಲದ ಸಂಕ್ರಾಂತಿಗೆ ಮೊಮ್ಮಗಳಿಗೆ ಆರು ತುಂಬಿತ್ತು. ಮಗನ ಮಗ, ಮೂರು ವರ್ಷದವನು, ಊರಿಂದ ಬಂದಿದ್ದ. ಇಬ್ಬರಿಗೂ ಒಂದೊಂದು ಉಂಡೆ ಕೊಟ್ಟು ನಾನು ಹೆಂಚು ಕಾಯಲಿಟ್ಟೆ. ಅವನು ತನ್ನದನ್ನು ಮಣೆಯ ಮೇಲೆ ಎರಡೂ ಅಂಗೈಯಿಂದ ತಟ್ಟಿ ತಟ್ಟಿ ಅಗಲ ಮಾಡಿ, “ನಂದು ದೊಡ್ಡದು, ನಿಂದು ಚಿಕ್ಕದು” ಎಂದು ಕೂಗಿದ. ನಾನು ತಿರುಗಿ ನೋಡಿದೆ. ಅವಳು ಜಗಳಕ್ಕೆ ಹೋಗಲಿಲ್ಲ. “ಇಲ್ಲ ಕಣೋ, ಅಷ್ಟೇ ಇದೆ. ಇರು” ಎಂದು ಅವನ ಹಿಟ್ಟನ್ನು ಮಣೆಯಿಂದ ಎಬ್ಬಿಸಿ, ಅಂಗೈಯಲ್ಲಿ ಉರುಟಿ ಉಂಡೆ ಮಾಡಿ, ತನ್ನ ಉಂಡೆಯ ಪಕ್ಕದಲ್ಲಿಟ್ಟಳು.

ಅವನು ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡಿದ. ಆಮೇಲೆ ತನ್ನದನ್ನು ಎತ್ತಿಕೊಂಡು ಮತ್ತೆ ತಟ್ಟಲು ಶುರುಮಾಡಿದ.